ಒಪ್ಪಿದರೆ ತೆರೆಯುವ ಬಾಗಿಲು

ಸಭೆ ನಡೆಸುವುದು ಹೇಗೆ ಎಂದು ಯಾರಾದರೂ ನನ್ನನ್ನು ಕೇಳಿದರೆ ಮೊದಲು ಬುತ್ತಿ ಕಟ್ಟಿಕೊಳ್ಳಿ ಅನ್ನುತ್ತೇನೆ. ಆಮೇಲೆ ಒಂದು ಹೊದಿಕೆ ತೆಗೆದುಕೊಳ್ಳಿ. ನಮ್ಮೂರಿನ ಚಾವಡಿಗೆ ಇರುವುದು ಒಂದೇ ಬಾಗಿಲು. ನಾನು ಗಂಟೆ ಬಾರಿಸಿ ಇವತ್ತಿನ ವಿಷಯ ಇದು ಎಂದು ಹೇಳಿದ ಕೂಡಲೇ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಒಳಗಿದ್ದವರೆಲ್ಲ ಆ ವಿಷಯದಲ್ಲಿ ಒಂದು ಮಾತಿಗೆ ಮನಸಾರೆ ಒಪ್ಪಿದಾಗ ತಾನಾಗಿ ತೆರೆಯುತ್ತದೆ. ಮನಸಾರೆ ಅನ್ನುವುದನ್ನು ಗಮನಿಸಿ. ಬಾಯಿಮಾತಿಗೆ ಅದು ಅಲುಗುವುದಿಲ್ಲ. ಗುದ್ದಲಿಗೂ ಅಲುಗುವುದಿಲ್ಲ, ನನ್ನ ಮಾವನ ಕಾಲದಲ್ಲಿ ಹಾಗೆ ಮಾಡಲು ಹೋಗಿ ಗುದ್ದಲಿಯ ಕಾವು ಮುರಿದುಕೊಂಡರು. ಒಮ್ಮೆ ಮೇಕೆಗಳನ್ನು ಎಲ್ಲಿ ಮೇಯಿಸಬೇಕು ಎಂಬ ಸಭೆಯ ನಡುವೆ ಚಾವಡಿಯ ಸೂರಿಗೆ ಬೆಂಕಿ ಹತ್ತಿತು. ಓಡಿಹೋಗಬೇಕು ಎಂಬುದಕ್ಕೆ ಎಲ್ಲರ ಒಪ್ಪಿಗೆಯೂ ಇತ್ತು. ಆದರೆ ಗಂಟೆ ಬಾರಿಸಿದ್ದು ಮೇಕೆಗಳ ವಿಷಯಕ್ಕೆ, ಓಡುವ ವಿಷಯಕ್ಕಲ್ಲ. ಹಾಗಾಗಿ ಕೆಮ್ಮುತ್ತ ಕೆಮ್ಮುತ್ತ ಮೇಕೆಗಳ ವಿಷಯ ತೀರ್ಮಾನ ಮಾಡಿಯೇ ಹೊರಗೆ ಬಂದರು. ಊರಿನಲ್ಲಿ ಅಷ್ಟು ಬೇಗ ಮುಗಿದ ಸಭೆ ಇನ್ನೊಂದಿಲ್ಲ.

ಜನ ಇದಕ್ಕೆ ಹೊಂದಿಕೊಂಡಿದ್ದಾರೆ. ಚಾವಡಿಯ ಕಿಟಕಿಗಳಿಗೆ ಕಬ್ಬಿಣದ ಸರಳುಗಳಿವೆ. ಆ ಸರಳುಗಳ ನಡುವೆ ನುಗ್ಗುವ ಹಾಗೆ ನಮ್ಮೂರಿನ ರೊಟ್ಟಿಗಳನ್ನೇ ಉದ್ದಕ್ಕೆ ತಟ್ಟುತ್ತಾರೆ. ಕ್ಷೌರದವನು ಹೊರಗೆ ನಿಂತು ಕೈ ಒಳಗೆ ಹಾಕಿ ಗಡ್ಡ ಕೆರೆಯುತ್ತಾನೆ. ಗಂಡ ಸಭೆಗೆ ಹೊರಟ ಅಂದರೆ ಹೆಂಡತಿ ಜಗಳವನ್ನು ಅರ್ಧಕ್ಕೇ ನಿಲ್ಲಿಸಿ, ಉಳಿದದ್ದನ್ನು ಕಿಟಕಿಯಲ್ಲಿ ಮುಗಿಸಿಕೊಳ್ಳುತ್ತಾಳೆ. ಇದೆಲ್ಲ ಹೊರಗಿನವರಿಗೆ ತಮಾಷೆಯಾಗಿ ಕಾಣುತ್ತದೆ. ಒಳಗೆ ಕೂತು ಸಭೆ ನಡೆಸುವವಳು ನಾನಲ್ಲವೇ, ನನಗೆ ತಲೆ ಚಿಟ್ಟು ಹಿಡಿಯುತ್ತದೆ.

ಮೂರು ಕೇರಿಗಳ ಊರು ನಮ್ಮದು, ಮೂರಕ್ಕೂ ಬೇರೆ ಬೇರೆ ಭಾಷೆ. ನಾನಿಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಹೇಳುತ್ತಿದ್ದೇನೆ. ಗಂಟಲುಗಳು ಬೇರೆ ಎಂದು ನಿಮಗೆ ತಿಳಿಯಲಿ ಅಂತ ಅಷ್ಟಿಷ್ಟು ರುಚಿ ಬದಲಿಸಿದ್ದೇನೆ, ಅಷ್ಟೆ. ಭಾಷೆಯದ್ದು ದೊಡ್ಡ ತೊಂದರೆಯೇ ಅಲ್ಲ, ಅದನ್ನು ತಿರುಗಿಸಿ ಹೇಳಬಹುದು. ತೊಂದರೆ ಇರುವುದು ಒಪ್ಪಿಗೆಯಲ್ಲಿ. ದಿಬ್ಬದ ಕೇರಿಯವರಿಗೆ ಜಗಳವಾಡದೆ ಒಪ್ಪಿದ್ದು ಒಪ್ಪಿಗೆಯೇ ಅಲ್ಲ. ಎದ್ದು ನಿಂತು ತೊಡೆ ತಟ್ಟಿ ಕೂಗಾಡಿದರೆ ವಿಷಯ ಅವರಿಗೆ ಇಷ್ಟವಾಗಿದೆ ಎಂದರ್ಥ. ಸುಮ್ಮನೆ ಕೂತರೆ ಮುಗಿಯಿತು, ಅವರ ಮಟ್ಟಿಗೆ ಆ ಮಾತು ಸತ್ತಿದೆ. ಮೌನ ಸಮ್ಮತಿಯ ಲಕ್ಷಣ ಎಂದು ಹೇಳಿದವನು ನಮ್ಮ ದಿಬ್ಬ ಹತ್ತಿರಲಿಲ್ಲ. ಹೊಳೆ ಕೇರಿಯವರ ಬಾಯಲ್ಲಿ ಇಲ್ಲ ಎಂಬ ಮಾತು ಹುಟ್ಟುವುದಿಲ್ಲ, ಅವರಲ್ಲಿ ಅದು ಮರ್ಯಾದೆಗೇಡು. ಬೇಡವಾದದ್ದನ್ನು ಹೊಗಳುತ್ತಾರೆ. ಎಷ್ಟು ಬೇಡವೋ ಅಷ್ಟು ಹೊಗಳಿಕೆ. ಮೂರನೆಯದು ಬಂದವರ ಕೇರಿ. ಬಂದು ಎಷ್ಟೋ ತಲೆಮಾರಾಗಿದೆ, ಆದರೂ ಬಂದವರೇ. ಅವರು ಸಭೆಗೆ ಬರುವಾಗ ಒಂದು ಚಾಪೆ ಹೆಚ್ಚಿಗೆ ತಂದು ಹಾಸುತ್ತಾರೆ. ಅದು ತೀರಿಕೊಂಡ ಹಿರಿಯರಿಗೆ. ಯಾವ ಮಾತು ಬಂದರೂ ಮೊದಲು ಆ ಖಾಲಿ ಚಾಪೆಯ ಅಭಿಪ್ರಾಯ ಕೇಳಬೇಕು. ಅದು ಹೇಳಿ ಮುಗಿಸುವವರೆಗೆ ಬೇರೆಯವರು ಉಸಿರೆತ್ತುವಂತಿಲ್ಲ.

ನನ್ನ ತಾಯಿ ದಿಬ್ಬದವಳು, ತಂದೆ ಹೊಳೆಯವನು, ನಾನು ಸೇರಿದ್ದು ಬಂದವರ ಕೇರಿ. ಮೂರು ಭಾಷೆಯೂ ಬರುತ್ತದೆ ಎಂಬ ಒಂದೇ ಪಾಪಕ್ಕೆ ಗಂಟೆಯನ್ನು ನನ್ನ ಕೈಗೆ ಕೊಟ್ಟರು. ದಿಬ್ಬದವರಿಗೆ ನಾನು ದೇವೀರವ್ವ, ಹೊಳೆಯವರಿಗೆ ದೇವೀರಕ್ಕ, ಬಂದವರಿಗೆ ದೇವೀರಮ್ಮ. ಮೂವರಿಗೂ ಬೇಕು, ಮೂವರಿಗೂ ಅನುಮಾನ. ಇವರನ್ನು ಒಂದು ಮಾತಿಗೆ ಕೂರಿಸುವುದು ಅಂದರೆ ಕಪ್ಪೆ ತೂಗಿದ ಹಾಗೆ.

ಈಗ ಹೇಳಬೇಕಾದದ್ದು ಸೂಲಗಿತ್ತಿಯ ಸಭೆ. ಹಳೆಯ ಸೂಲಗಿತ್ತಿ ತೀರಿಕೊಂಡ ಮೇಲೆ ಊರಿಗೆ ದಿಕ್ಕಿರಲಿಲ್ಲ. ನನ್ನ ತಂಗಿ ಸಾವಂತ್ರಿ ಹೆರಿಗೆಯಲ್ಲೇ ಹೋದಳು, ಮಗುವೂ ಹೋಯಿತು. ಅಂದಿನಿಂದ ನಾನು ದೋಣಿ ಹತ್ತಿ ಆಚೆ ದಡದ ಕಚೇರಿಗೆ ಅಲೆದೆ. ಚಪ್ಪಲಿ ಸವೆದವು. ಕಡೆಗೂ ಒಬ್ಬಳನ್ನು ಕಳಿಸಿಕೊಟ್ಟರು. ಎಸ್ತರ್ ಬಾಯಿ ಅಂತ ಹೆಸರು. ಗಟ್ಟಿ ಮೈಕಟ್ಟಿನ, ಹೆಚ್ಚು ನಗದ ಹೆಂಗಸು. ಅವಳ ಭಾಷೆ ನಮ್ಮ ಮೂರರಲ್ಲಿ ಒಂದೂ ಅಲ್ಲ. ಅದರಿಂದೇನು, ಹೊಟ್ಟೆ ಮುಟ್ಟಿ ನೋಡಲು ಭಾಷೆ ಬೇಕೆ? ನನ್ನ ಮಗಳು ಪದುಮಳಿಗೆ ದಿನ ತುಂಬುತ್ತ ಬಂದಿತ್ತು. ಎಸ್ತರ್ ಬಾಯಿ ದೋಣಿಯಿಂದ ಇಳಿದ ದಿನ ನಾನು ಹೊಳೆಯ ದಂಡೆಯಲ್ಲೇ ಕೂತು ಅತ್ತೆ. ಇಂಥ ಅಳು ನನಗೆ ಅಪರೂಪ.

ಬಂದವಳು ಎಲ್ಲಿ ಇರಬೇಕು? ಹೊಳೆಯ ಕೇರಿಯಲ್ಲೊ, ದಿಬ್ಬದಲ್ಲೊ, ಬಂದವರಲ್ಲೊ? ಇಷ್ಟೇ ವಿಷಯ. ಎಳೆಯ ಮಗುವೂ ತೀರ್ಮಾನ ಮಾಡಬಹುದು. ಸಭೆಯ ದಿನ ಬೆಳಿಗ್ಗೆ ಹೊಳೆ ಕೇರಿಯ ಯಜಮಾನ ದೂಮಣ್ಣ ಚಾವಡಿಯ ಮೆಟ್ಟಿಲ ಮೇಲೆ ನಿಂತುಬಿಟ್ಟ. ಅವರಲ್ಲಿ ಎದುರಿಗಿಲ್ಲದವರ ಬಗ್ಗೆ ಮಾತಾಡುವುದು ಚಾಡಿಗೆ ಸಮ.

"ಆ ಬಾಯಮ್ಮನನ್ನೂ ಒಳಗೆ ಕೂರಿಸಿ ದೇವೀರಕ್ಕ. ಹಿಂದಿನಿಂದ ಅವರ ಸುದ್ದಿ ಮಾತಾಡುವುದು ಚಂದವಾ?"

ದಿಬ್ಬದ ಭರಮಣ್ಣನಿಗೂ ಇದು ಸರಿಕಂಡಿತು. ಯಾವುದಕ್ಕಾಗಿ ಜಗಳವಾಡುತ್ತೇವೋ ಅದು ಕಣ್ಣೆದುರಿಗಿದ್ದರೆ ಜಗಳಕ್ಕೆ ಕಳೆ ಎಂಬುದು ಅವನ ಲೆಕ್ಕ. ನನಗೆ ಬೇಗ ಮುಗಿದರೆ ಸಾಕಾಗಿತ್ತು. ಆಕೆಯನ್ನು ಕರೆತಂದು ಒಳ್ಳೆಯ ಚಾಪೆಯ ಮೇಲೆ ಕೂರಿಸಿದೆವು. ನಾನು ಗಂಟೆ ಬಾರಿಸಿ, ಎಸ್ತರ್ ಬಾಯಿ ಎಲ್ಲಿ ಇರಬೇಕು ಎಂಬುದು ಇವತ್ತಿನ ವಿಷಯ ಅಂದೆ. ಬಾಗಿಲು ಮುಚ್ಚಿಕೊಂಡಿತು.

ಭರಮಣ್ಣ ಎದ್ದ. "ದಿಬ್ಬದ ಮ್ಯಾಲೇ ಇರಬೇಕು ಆಕಿ! ಮಳಿಗಾಲದಾಗ ಹೊಳಿ ಕೇರಿ ನೀರಾಗ ಮುಳಗತೈತಿ. ಆಕಿ ಏನು ಮೀನಿಗೆ ಹೆರಿಗಿ ಮಾಡಸ್ತಾಳೇನು?"

ನಾನು ಇದನ್ನು ಹೊಳೆಯವರಿಗೆ, ಮಳೆಗಾಲದ ಬಗ್ಗೆ ದಿಬ್ಬದವರಿಗೆ ಸ್ವಲ್ಪ ಚಿಂತೆಯಿದೆ ಎಂದು ತಿರುಗಿಸಿ ಹೇಳಿದೆ. ದೂಮಣ್ಣ ಕೈ ಮುಗಿದ.

"ಭರಮಣ್ಣನವರ ದಿಬ್ಬ ಭಾರೀ ಚಂದ ಮಾರಾಯ್ರೆ. ಎಂಥ ಗಾಳಿ! ಎಂಥ ಎತ್ತರ! ಅಲ್ಲಿ ಇರ್ಲಿಕ್ಕೆ ಪುಣ್ಯ ಮಾಡಿರಬೇಕು."

ಅಂದರೆ ಸತ್ತರೂ ಬೇಡ. ಇದನ್ನು ಭರಮಣ್ಣನಿಗೆ ಹೇಗೆ ತಿರುಗಿಸಲಿ? ಒಪ್ಪುತ್ತಿಲ್ಲ ಅಂದರೆ, ಇಷ್ಟು ಹೊಗಳಿದನಲ್ಲ, ನೀನೇ ಸುಳ್ಳು ಹೇಳುತ್ತೀ ಅನ್ನುತ್ತಾನೆ. ಹೊಗಳಿದ್ದನ್ನು ಹೊಗಳಿದ ಹಾಗೇ ಹೇಳಿದರೆ ಈಗಲೇ ಹೋಗಿ ಅವಳಿಗೆ ಮನೆ ಸಾರಿಸುತ್ತಾನೆ. ನಾನು ಬಂದವರ ಕಡೆ ತಿರುಗಿದೆ. ಅವರ ಯಜಮಾನಿ ರಾಜಮ್ಮಣ್ಣಿ ಖಾಲಿ ಚಾಪೆಯ ಕಡೆ ಕಿವಿ ಕೊಟ್ಟು ಕೂತಿದ್ದಳು.

"ರಾಜಮ್ಮಣ್ಣಿ, ನಿಮ್ಮ ಕಡೆಯಿಂದ?"

"ಸ್ವಲ್ಪ ತಡೀರಿ ದೇವೀರಮ್ಮ. ತಾತ ಇನ್ನೂ ಮಾತಾಡ್ತಾ ಇದಾರೆ."

ತಾತ ಬದುಕಿದ್ದಾಗಲೂ ಹೀಗೇ, ಚುಟುಕಾಗಿ ಮಾತಾಡಿದವನಲ್ಲ. ಕೂತೆವು. ನೊಣ ಹಾರುವುದು ಕೇಳುತ್ತಿತ್ತು. ದಿಬ್ಬದವರು ಈ ಮೌನವನ್ನು ಅವಮಾನ ಎಂದುಕೊಂಡು ಬುಸುಗುಟ್ಟಿದರು. ಹೊಳೆಯವರು ಚಾಪೆಯ ನೇಯ್ಗೆಯನ್ನು ಹೊಗಳಿದರು. ಕಡೆಗೆ ರಾಜಮ್ಮಣ್ಣಿ ತಲೆಯೆತ್ತಿ, ತಾತ ನಾಳೆ ಹೇಳ್ತಾರಂತೆ ಅಂದಳು. ನನಗೆ ಆ ಗಂಟೆಯನ್ನು ಎತ್ತಿ ಯಾರಾದರೊಬ್ಬರ ತಲೆಗೆ ಹೊಡೆಯಬೇಕು ಅನಿಸಿತು. ಯಾರ ತಲೆ ಎಂಬುದರಲ್ಲಿ ನನಗೆ ಪಕ್ಷಪಾತ ಇರಲಿಲ್ಲ.

ಎತ್ತು ಏರಿಗೆ, ಕೋಣ ನೀರಿಗೆ ಅಂತ ಎಳೆದಾಟ ನಡೆಯಿತು. ಊಟ ಕಿಟಕಿಯಲ್ಲಿ ಬಂತು. ಮಲಗಿದೆವು, ಎದ್ದೆವು, ಮತ್ತೆ ಅದೇ. ಎಸ್ತರ್ ಬಾಯಿ ಮೊದಲ ದಿನ ಕುತೂಹಲದಿಂದ ಒಬ್ಬೊಬ್ಬರ ಮುಖ ನೋಡುತ್ತಿದ್ದಳು. ಮರುದಿನ ಗೋಡೆ ನೋಡತೊಡಗಿದಳು. ಅವಳ ಎಲೆಗೆ ಎಲ್ಲರೂ ತಮ್ಮ ತಮ್ಮ ಮನೆಯ ಪಲ್ಯವನ್ನು ಬಡಿಸುತ್ತಿದ್ದರು. ಅದರಲ್ಲೂ ಪೈಪೋಟಿ.

ಬಿಸಿಲು ಏರುವ ಹೊತ್ತಿಗೆ ಹೊರಗೆ ನನ್ನ ಅಳಿಯನ ಗಂಟಲು ಕೇಳಿತು. ಅವನು ದಿಬ್ಬದವನು. ಉಪ್ಪು ಕೊಡಿ ಅನ್ನುವುದನ್ನೂ ಕೂಗಿಯೇ ಹೇಳುವ ಜಾತಿ. ಹಾಗಾಗಿ ಮೊದಲು ನಾನು ಲಕ್ಷ್ಯ ಕೊಡಲಿಲ್ಲ.

"ಅತ್ತಿ! ಪದುಮಗ ಬ್ಯಾನಿ ಸುರು ಆಗ್ಯಾವ! ರಾತ್ರಿಯಿಂದ ತಿನ್ನಾಕತ್ತಾವ, ಕೂಸು ಬರವಲ್ದು!"

ಸೂಲಗಿತ್ತಿ ಚಾವಡಿಯ ಒಳಗೆ, ಮಗಳು ಹೊರಗೆ, ನಡುವೆ ಆ ಹಾಳು ಬಾಗಿಲು. ಇವರ ಮರ್ಯಾದೆಯ ಮನೆ ಸುಡಲಿ. ಪದುಮಳನ್ನು ಮಂಚದ ಸಮೇತ ಹೊತ್ತು ತಂದು ಕಿಟಕಿಯ ಕೆಳಗೆ ಜಗುಲಿಯ ಮೇಲೆ ಇಳಿಸಿದರು. ಎಸ್ತರ್ ಬಾಯಿಗೆ ಯಾರೂ ತಿರುಗಿಸಿ ಹೇಳಬೇಕಾಗಲಿಲ್ಲ. ನರಳುವುದು ಕೇಳಿದ್ದೇ ತಡ, ಎದ್ದು ಹೋಗಿ ಸರಳಿನ ನಡುವೆ ತೋಳು ತೂರಿಸಿ ಪದುಮಳ ಹೊಟ್ಟೆಯ ಮೇಲೆ ಕೈಯಿಟ್ಟಳು. ಒತ್ತಿ ನೋಡಿದಳು, ಪಕ್ಕೆ ಸವರಿ ನೋಡಿದಳು. ಅವಳ ಮುಖ ಬದಲಾಯಿತು. ನಮ್ಮ ಕಡೆ ತಿರುಗಿ ಮೊಣಕೈಯನ್ನು ಅಡ್ಡ ಹಿಡಿದು ತೋರಿಸಿದಳು. ಮಗು ಅಡ್ಡ ಮಲಗಿದೆ. ತಿರುಗಿಸಬೇಕು. ಸರಳಿನ ನಡುವಿನಿಂದ ಅದಾಗದು.

ಬಾಗಿಲಿಗೆ ಓಡಿ ತಳ್ಳಿದಳು, ಒದ್ದಳು. ನಮ್ಮನ್ನು ನೋಡಿ ತನ್ನ ಭಾಷೆಯಲ್ಲಿ ಕೂಗಿದಳು. ಬೇಕೆಂದೇ ಕೂಡಿಹಾಕಿದ್ದೇವೆ ಎಂದುಕೊಂಡಿರಬೇಕು. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ನಾನು ಗಂಟೆಯನ್ನು ನೆಲಕ್ಕೆ ಬಿಸಾಡಿದೆ. ಆವತ್ತು ನಾನು ತಿರುಗಿಸಿ ಹೇಳುವ ಕೆಲಸ ಬಿಟ್ಟು ಮೂರು ಭಾಷೆಯಲ್ಲೂ ನೇರವಾಗಿ ಬೈದೆ. ನಿಮ್ಮ ಜಗಳ ನಾಯಿಗೆ ಹಾಕ, ನಿಮ್ಮ ಹೊಗಳಿಕೆಗೆ ಹುಳ ಬೀಳ, ಸತ್ತವರಿಗೆ ಇರುವಷ್ಟು ಪುರಸೊತ್ತು ನನ್ನ ಮಗಳಿಗಿಲ್ಲ ಅಂದೆ. ಹೊರಗೆ ಪದುಮ ಕೂಗಿದಳು. ಆ ಕೂಗಿಗೆ ಎಲ್ಲರೂ ತಲೆ ತಗ್ಗಿಸಿದರು.

ಮೊದಲು ದೂಮಣ್ಣನ ಬಾಯಿ ತೆರೆಯಿತು. "ನಮ್ಮ ಕೇರಿ ಬೇಡ ಅಕ್ಕ. ಮಳೆಗಾಲದಲ್ಲಿ ನೀರು ಬರ್ತದೆ, ಅದು ಸತ್ಯವೇ. ಇಲ್ಲ. ನಮಗೆ ಬೇಡ." ಹೊಳೆಯವನೊಬ್ಬ ಇಲ್ಲ ಅಂದದ್ದನ್ನು ನಾನು ಅದೇ ಮೊದಲು ಕೇಳಿದ್ದು. ರಾಜಮ್ಮಣ್ಣಿ ಎದ್ದು ಖಾಲಿ ಚಾಪೆಯನ್ನು ಸುರುಳಿ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು. "ತಾತ ಬೈದ್ರೆ ನಾನು ಬೈಸ್ಕೋತೀನಿ. ದಿಬ್ಬದ ಮೇಲೇ ಇರ್ಲಿ," ಅಂದಳು. ಗೆದ್ದವನು ಭರಮಣ್ಣ. ಗೆದ್ದ ದಿಬ್ಬದವನು ಊರೆಲ್ಲ ಕೇಳುವ ಹಾಗೆ ಕೂಗಬೇಕು. ಅವನು ಮೆಲ್ಲಗೆ, "ಅಕ್ಕಿ ಕಾಳಿನಷ್ಟೂ ಜಗಳ ಬ್ಯಾಡ ಇನ್ನ. ಬಾಗಲಾ ತಗೀಲಿ," ಎಂದು ಹೇಳಿ ಕೂತ. ಮನಸಾರೆ ಹೇಳಿದ. ನನಗೆ ಗೊತ್ತಾಗುತ್ತದೆ, ಇಷ್ಟು ವರ್ಷ ಇವರ ಮುಖಗಳನ್ನೇ ನೋಡಿಕೊಂಡು ಬಂದವಳು.

ಬಾಗಿಲು ತೆರೆಯಲಿಲ್ಲ.

ಯಾರ ಹೊಟ್ಟೆಯಲ್ಲಿ ಏನಿದೆ, ಬೊಗಳಿ ಎಂದು ನಾನು ಕಿರುಚಿದೆ. ಭರಮಣ್ಣ ದೂಮಣ್ಣನನ್ನು ನೋಡಿದ, ದೂಮಣ್ಣ ಚಾಪೆಯ ಸುರುಳಿಯನ್ನು ನೋಡಿದ. ಹಿಂದೆ ಕೂತಿದ್ದ ಒಬ್ಬೊಬ್ಬರನ್ನೂ ಹಿಡಿದು ಕೇಳಿದೆವು. ಎಲ್ಲರೂ ಆಣೆ ಇಟ್ಟರು. ಆಗ ರಾಜಮ್ಮಣ್ಣಿ ಸಣ್ಣ ದನಿಯಲ್ಲಿ ಹೇಳಿದಳು.

"ದೇವೀರಮ್ಮ, ಒಳಗಿರೋರೆಲ್ಲ ಒಪ್ಪಬೇಕು ಅಲ್ವಾ? ಆಯಮ್ಮನೂ ಒಳಗೇ ಇದಾರಲ್ಲ."

ಯಾರ ವಿಷಯವೋ ಅವರನ್ನೇ ಒಳಗೆ ಕೂರಿಸಿಕೊಂಡು ನಾವು ಹಿಂದೆ ಸಭೆ ಮಾಡಿರಲಿಲ್ಲ. ಮೇಕೆಗಳನ್ನೇನು ಕೇಳಿದ್ದೆವೇ? ಎರಡು ದಿನ ಅವಳ ಮುಂದೆಯೇ ಅವಳನ್ನು ಆಚೀಚೆ ಎಳೆದಾಡಿದ್ದೆವು. ನಿನಗೆಲ್ಲಿ ಇಷ್ಟ ತಾಯಿ ಎಂಬ ಒಂದು ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ. ಸಭೆ ನಡೆಸುವುದರಲ್ಲಿ ಪಳಗಿದ ನನ್ನ ಬಾಯಿಂದಲೂ.

ನಾನು ಹೋಗಿ ಅವಳ ಮುಂದೆ ನಿಂತು ಎರಡು ಕೈ ಜೋಡಿಸಿ ಮನೆಯ ಸೂರಿನ ಆಕಾರ ಮಾಡಿದೆ. ಅವಳ ಎದೆ ಮುಟ್ಟಿ ತೋರಿಸಿದೆ. ದಿಬ್ಬದ ಕಡೆ ಬೆರಳು ಮಾಡಿದೆ. ಅವಳು ತಲೆಯಾಡಿಸಿದಳು, ಇಲ್ಲ. ಹೊಳೆ ಕೇರಿ? ಇಲ್ಲ. ಬಂದವರ ಕೇರಿ? ಇಲ್ಲ. ಆಮೇಲೆ ಅವಳು ಬಗ್ಗಿ, ನೆಲದಿಂದ ಮೊಣಕಾಲಿನ ಎತ್ತರಕ್ಕೆ ಅಂಗೈಯನ್ನು ಹಿಡಿದಳು. ಅಷ್ಟೆತ್ತರದ ಒಂದು ಮಗು. ಇನ್ನೊಂದು ಕೈಯಿಂದ ಹೊಳೆಯ ಆಚೆ ದಡವನ್ನು ತೋರಿಸಿದಳು. ದೋಣಿಯವನಿಂದ ಕಲಿತಿದ್ದಳೇನೋ, ಹೊಳೆಯವರ ಭಾಷೆಯಲ್ಲಿ ಒಂದೇ ಮಾತು ಹೇಳಿದಳು, "ಮನೆ."

ಕಚೇರಿಯವರು ಅವಳಿಗೆ ಎಷ್ಟು ದಿನಕ್ಕೆಂದು ಹೇಳಿ ಕಳಿಸಿದ್ದರೋ ಏನೋ. ಖಾಯಮ್ಮಾಗಿ ಕಳಿಸುತ್ತೇವೆ ಎಂದು ನನಗೆ ಹೇಳಿದ್ದರು. ದಡ ತೋರಿಸಿದ ಬೆರಳಿನಿಂದಲೇ ಅವಳು ಗಾಳಿಯಲ್ಲಿ ದುಂಡು ಚಂದ್ರನನ್ನು ಬರೆದಳು, ಬರುವ ಹುಣ್ಣಿಮೆಯ ದೋಣಿಗೆ ಹೊರಡುವವಳು.

ಈಗ ಒಪ್ಪಬೇಕಾದ ಮಾತು ಒಂದೇ ಉಳಿದಿತ್ತು. ಎಸ್ತರ್ ಬಾಯಿ ಇರಬೇಕಾದದ್ದು ಅವಳ ಮನೆಯಲ್ಲಿ, ನಮ್ಮೂರಿನಲ್ಲಲ್ಲ.

"ಹೋಗ್ಲಿ ಬಿಡ್ರಿ. ಹೆತ್ತ ಕೂಸನ್ನ ಬಿಟ್ಟು ಯಾರ ಇರ್ತಾರ?" ಅಂದ ಭರಮಣ್ಣ. ದೂಮಣ್ಣ ಏನನ್ನೂ ಹೊಗಳದೆ, "ಹೋಗ್ಲಿ," ಅಂದ. ರಾಜಮ್ಮಣ್ಣಿಗೆ ಕಷ್ಟವಾಯಿತು. ಅವಳ ಸೊಸೆಗೆ ಆಗಲೇ ನಾಲ್ಕು ತಿಂಗಳು. ಸೆರಗಿನಿಂದ ಕಣ್ಣೊರೆಸಿಕೊಂಡು ಅವಳೂ ಹೂಂ ಅಂದಳು.

ಬಾಗಿಲು ತೆರೆಯಲಿಲ್ಲ. ಎಲ್ಲರೂ ನನ್ನನ್ನು ನೋಡಿದರು.

"ದೇವೀರಕ್ಕ," ಅಂದ ದೂಮಣ್ಣ, "ನಿಮ್ಮದೊಂದು ಉಂಟಲ್ಲ."

"ನನ್ನದು ಆಗಿದೆ!" ಎಂದು ಕೂಗಿದೆ. ಆಗಿರಲಿಲ್ಲ. ಇಷ್ಟು ವರ್ಷ ನನ್ನ ಮನಸ್ಸು ಯಾವ ಸಭೆಗೂ ಅಡ್ಡ ಬಂದದ್ದಿಲ್ಲ. ಮೇಕೆ ಎಲ್ಲಿ ಮೇದರೆ ನನಗೇನು, ಮನೆಗೆ ಹೋದರೆ ಸಾಕು. ಆದರೆ ಈ ಹೆಂಗಸಿಗಾಗಿ ನಾನು ಅಲೆದಿದ್ದೆ. ನನ್ನ ತಂಗಿ ಹೋದ ಹಾಗೆ ಇನ್ನೊಬ್ಬಳು ಹೋಗಬಾರದು ಎಂದು ಅಲೆದಿದ್ದೆ. ಬಾಯಲ್ಲಿ ಹೋಗಲಿ ಅಂದರೂ ಒಳಗೆ ಲೆಕ್ಕ ಓಡುತ್ತಿತ್ತು. ಪದುಮಳದ್ದು ಆಗಲಿ, ಆಮೇಲೆ ದೋಣಿಯವನನ್ನು ತಡೆಯೋಣ, ಸೀರೆ ಉಡಿಸೋಣ, ಕಾಲು ಹಿಡಿಯೋಣ, ಒಲಿಸುವುದು ನನಗೆ ಗೊತ್ತಿಲ್ಲವೇ. ಬಾಗಿಲಿಗೆ ಇದೆಲ್ಲ ಕೇಳಿಸುತ್ತಿತ್ತು. ಇವರೆಲ್ಲ ಎಷ್ಟು ಸುಲಭವಾಗಿ ಒಪ್ಪಿಬಿಟ್ಟರಲ್ಲ ಎಂದು ನನಗೆ ಅವರ ಮೇಲೂ ಉರಿ ಬಂತು.

"ಅವ್ವಾ," ಎಂದಳು ಪದುಮ ಹೊರಗಿನಿಂದ. ಈ ಸಲ ಕೂಗಲಿಲ್ಲ. ಕೂಗಲು ಶಕ್ತಿ ಉಳಿದಿರಲಿಲ್ಲ.

ಎಸ್ತರ್ ಬಾಯಿ ಮತ್ತೆ ಕಿಟಕಿಯ ಹತ್ತಿರ ಹೋಗಿದ್ದಳು. ಸರಳಿನ ಆಚೆ ನನ್ನ ಮಗಳ ಕೈಯನ್ನು ಒಂದು ಕೈಯಲ್ಲಿ ಹಿಡಿದಿದ್ದಳು. ಏನೋ ಹೇಳುತ್ತಿದ್ದಳು, ಸಮಾಧಾನದ ಮಾತೇ ಇರಬೇಕು. ಅವಳ ಇನ್ನೊಂದು ಕೈ ಮೊಣಕಾಲಿನ ಎತ್ತರದಲ್ಲೇ ಉಳಿದಿತ್ತು. ಅದನ್ನು ಎತ್ತಿಕೊಳ್ಳಲು ಮರೆತಿದ್ದಳು. ಆ ಅಂಗೈಯ ಕೆಳಗೆ ಏನೂ ಇರಲಿಲ್ಲ. ನನ್ನ ಮಗಳು ಒಂದು ಗೋಡೆಯ ಆಚೆ ಇದ್ದಳು. ಇವಳ ಮಗು ಎಷ್ಟು ಗೋಡೆಗಳ ಆಚೆ ಇತ್ತೋ. ಒಳಗೆ ಓಡುತ್ತಿದ್ದ ಲೆಕ್ಕ ನಿಂತುಹೋಯಿತು. ಹೋಗು ತಾಯಿ, ನೀನು ನಿನ್ನ ಮನೆಗೆ ಹೋಗು ಅಂದೆ. ಯಾವ ಭಾಷೆಯಲ್ಲಿ ಅಂದೆನೋ ನೆನಪಿಲ್ಲ.

ಬಾಗಿಲು ತೆರೆಯಿತು. ಅವಳು ನಮ್ಮನ್ನೆಲ್ಲ ತಳ್ಳಿಕೊಂಡು ಹೊರಗೆ ಓಡಿದಳು. ದಿಬ್ಬದ ಹೆಂಗಸರು ಸೀರೆಗಳನ್ನು ಸುತ್ತ ಹಿಡಿದು ಮರೆ ಮಾಡಿದರು. ನಾನು ಪದುಮಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡೆ. ಎಸ್ತರ್ ಬಾಯಿ ಏನು ಮಾಡಿದಳು, ಹೇಗೆ ತಿರುಗಿಸಿದಳು, ನಾನು ನೋಡಲಿಲ್ಲ, ಕಣ್ಣು ಮುಚ್ಚಿಕೊಂಡಿದ್ದೆ. ಕಣ್ಣು ಬಿಟ್ಟದ್ದು ಕೂಸು ಅತ್ತಾಗ. ಹೆಣ್ಣು ಮಗು. ದೂಮಣ್ಣ ಬಗ್ಗಿ ನೋಡಿ ಎಷ್ಟು ಚಂದ ಉಂಟು ಎಂದು ಶುರುಮಾಡಿದ. ನನ್ನ ಕೂಸನ್ನು ಹೊಗಳಿದರೆ ಹಲ್ಲು ಉದುರಿಸುತ್ತೇನೆ ಎಂದು ನಾನು ಅವನ ಮೇಲೆ ಹಾರಿದೆ. "ಅಯ್ಯೋ ಇಲ್ಲ ಅಕ್ಕ, ಇದು ನಿಜವಾಗಿಯೂ ಚಂದ!" ಎಂದು ಪಾಪ ಹಿಂದೆ ಸರಿದ.

ಹುಣ್ಣಿಮೆಯ ದೋಣಿ ಬಂತು. ಎಸ್ತರ್ ಬಾಯಿಯ ಪೆಟ್ಟಿಗೆಯನ್ನು ನಾನೇ ಹೊತ್ತು ದಂಡೆಗೆ ತಂದೆ. ಮೂರು ಕೇರಿಯವರೂ ಬಂದಿದ್ದರು. ನಮ್ಮೂರಿನಲ್ಲಿ ಇದೊಂದು ಕಷ್ಟ, ಸಭೆಯ ತೀರ್ಮಾನವನ್ನು ಆಮೇಲೆ ಬೈಯುವಂತಿಲ್ಲ. ಬೇರೆ ಊರುಗಳಲ್ಲಿ ಮೇಲಿನವರು ಮಾಡಿದರು, ಅವರು ಮಾಡಿದರು, ಇವರು ಮಾಡಿದರು ಎಂದು ಕಟ್ಟೆಯ ಮೇಲೆ ಕೂತು ಶಪಿಸಬಹುದಂತೆ. ಇಲ್ಲಿ ಒಳಗಿದ್ದವರೆಲ್ಲ ಮನಸಾರೆ ಒಪ್ಪಿದ್ದಾರೆ, ಯಾರನ್ನು ಬೈಯುವುದು? ಅವಳು ದೋಣಿ ಹತ್ತುವ ಮೊದಲು ನನ್ನ ಕೆನ್ನೆ ಮುಟ್ಟಿದಳು. ಅವಳು ನಕ್ಕದ್ದನ್ನು ನಾನು ಆಗ ನೋಡಿದೆ.

ರಾಜಮ್ಮಣ್ಣಿಯ ಸೊಸೆ ನನ್ನ ಪಕ್ಕದಲ್ಲಿ ನಿಂತಿದ್ದಳು. ಸೆರಗಿನ ಕೆಳಗೆ ಹೊಟ್ಟೆ ಸ್ವಲ್ಪ ಕಾಣುತ್ತಿತ್ತು. ದೋಣಿ ನಡುಹೊಳೆಗೆ ಹೋದಾಗ ಕೇಳಿದಳು.

"ದೇವೀರಮ್ಮ, ನೀವೂ ಒಪ್ಪಿದ್ರಾ?"

"ಎಲ್ಲರಿಗಿಂತ ಕೊನೆಗೆ ಒಪ್ಪಿದವಳು ನಾನೇ," ಅಂದೆ.

ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲಿಲ್ಲ. ದೋಣಿ ಕಾಣದಾಗುವವರೆಗೆ ನೋಡಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಹಾಗಾದ್ರೆ ನನ್ನ ಹೆರಿಗೆಗೆ ನೀವೇ ಬರ್ಬೇಕು," ಅಂದಳು.

ನನಗೆ ಹೆರಿಗೆ ಮಾಡಿಸಲು ಬರುವುದಿಲ್ಲ. ಅದು ಅವಳಿಗೂ ಗೊತ್ತು. ಬರುತ್ತೇನೆ ಅಂದೆ.